ಅಂಗಳದಲ್ಲಿ ಎರಡು ಒಲೆ

ನಗರದ ಗಾಜಿಪುರ ಬಡಾವಣೆಯ ನಮ್ಮ ಬಾಡಿಗೆ ಕೋಣೆಯ ಹಿಂದೆ ಒಂದು ಹಳೆಯ ಮನೆಯಿದೆ. ಮೊನ್ನೆ ಬೆಳಿಗ್ಗೆ ಆ ಮನೆಯವರ ಗೀಸರ್ ಕೆಟ್ಟು, ಸ್ನಾನದ ನೀರಿಗೆ ಹಿತ್ತಿಲಲ್ಲಿ ಒಲೆ ಹೊತ್ತಿಸಿದ್ದರು. ಕಿಟಕಿಯಿಂದ ಹೊಗೆ ಒಳಗೆ ಬಂದಾಗ ನನ್ನ ಜೊತೆಗಿರುವ ಹುಡುಗಿಯರಿಬ್ಬರೂ ಮೂಗು ಮುಚ್ಚಿಕೊಂಡು ಎದ್ದು ಕುಳಿತರು. ನಾನು ಮಾತ್ರ ಇನ್ನೊಂದು ಸಲ ಉಸಿರೆಳೆದುಕೊಂಡೆ. ಅದು ತೊಗರಿ ಕಟ್ಟಿಗೆಯ ಹೊಗೆ. ತೊಗರಿ ಬಡಿದಾದ ಮೇಲೆ ಉಳಿಯುವ ಒಣ ಗಿಡವೇ ನಮ್ಮ ಕಡೆಯ ಸೌದೆ. ಬೇಗ ಹತ್ತುತ್ತದೆ, ಬೇಗ ಆರುತ್ತದೆ, ವಾಸನೆ ಮಾತ್ರ ಬಟ್ಟೆ ಹಿಡಿದುಕೊಂಡರೆ ಎರಡು ದಿನ ಬಿಡುವುದಿಲ್ಲ.

ಅದೇ ಸಂಜೆ ಜೇವರ್ಗಿ ಕಾಲೋನಿಯ ಟ್ಯೂಷನ್ ಕ್ಲಾಸಿನಲ್ಲಿ ಮಕ್ಕಳ ಗಣಿತದ ನೋಟ್‌ಬುಕ್ ತಿದ್ದುತ್ತಿದ್ದೆ. ಡಿಗ್ರಿಯ ಕೊನೆಯ ವರ್ಷ ಓದುತ್ತಾ ಸಂಜೆ ಎರಡು ತಾಸು ಅಲ್ಲಿ ಪಾಠ ಹೇಳುತ್ತೇನೆ. ಮಗನನ್ನು ಕರೆದುಕೊಂಡು ಹೋಗಲು ಬಂದ ತಾಯಿಯೊಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು: "ಸರಕಾರದವ್ರು ಹೆಂಗಸರ ಖಾತೆಗೆ ತಿಂಗಳಾ ಎರಡು ಸಾವಿರ ಹಾಕಿ ಹಾಕಿ ಹಳ್ಳಿ ಮಂದೀನ ಸೋಮಾರಿ ಮಾಡಿಬಿಟ್ಟಾರ ನೋಡ್ರಿ. ಮನಿ ಕೆಲಸಕ್ಕ ಒಬ್ಬಾಕಿ ಸಿಗವಲ್ಲಳು." ನಾನು ಜಗಳಗಂಟಿಯೇ. ಆದರೆ ಫೀಸು ಕೊಡುವವರ ಜೊತೆ ಜಗಳಕ್ಕಿಳಿಯುವಷ್ಟು ದಡ್ಡಿಯಲ್ಲ. ತಲೆ ಬಗ್ಗಿಸಿ ತಿದ್ದುತ್ತಲೇ ಇದ್ದೆ. ನನ್ನ ದುಪಟ್ಟಾದಲ್ಲಿ ಬೆಳಗಿನ ಹೊಗೆ ಇನ್ನೂ ಇತ್ತು, ಮನಸ್ಸು ಕಮಲಾಪುರದ ನಮ್ಮ ಅಂಗಳಕ್ಕೆ ಹೋಗಿ ಕುಳಿತಿತ್ತು. ಆ ಎರಡು ಸಾವಿರ ನಮ್ಮ ಮನೆಗೆ ಬಂದ ಮೊದಲ ಚಳಿಗಾಲ, ನನ್ನ ಸೆಕೆಂಡ್ ಪಿಯುಸಿ ವರ್ಷ.

ನಮ್ಮ ಮನೆ ಊರಿನ ಕೊನೆಯ ಓಣಿಯಲ್ಲಿದೆ. ಒಂದು ಕೋಣೆ, ಒಂದು ಪಡಸಾಲೆ, ಮುಂದೆ ಮನೆಗಿಂತ ದೊಡ್ಡದಾದ ಅಂಗಳ. ಊರಾಚೆ ಒಂದೆಕರೆ ಹೊಲ, ಅರ್ಧ ತೊಗರಿ, ಅರ್ಧ ಜೋಳ. ಮನೆಯಲ್ಲಿ ನಾಲ್ಕು ಮಂದಿ: ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಾಯಿ. ಅಜ್ಜಿಗೆ ನಾವು ಆಯಿ ಅನ್ನುತ್ತೇವೆ. ತೊಗರಿ ರಾಶಿ ಮುಗಿದ ಮೇಲೆ ಅಪ್ಪ ಪ್ರತಿ ವರ್ಷ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಮುಂಗಾರಿಗೆ ಮರಳುತ್ತಿದ್ದ. ಅವ್ವ ಊರಲ್ಲೇ ಕೂಲಿ ಮಾಡಿಕೊಂಡು ಮನೆ ನಡೆಸುತ್ತಿದ್ದಳು. ಆ ವರ್ಷ ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಹೊಸ ಮಾತು ತೆಗೆದ. ಗಂಡ ಹೆಂಡತಿ ಜೋಡಿಯಾಗಿ ಬಂದರೆ ಮಾತ್ರ ಪೂರ್ತಿ ಕೂಲಿ, ಒಂಟಿ ಆಳಿಗೆ ಕಡಿಮೆ. ಹಾಗಾಗಿ ಅವ್ವನೂ ಹೊರಡುವುದೆಂದು ಮನೆಯಲ್ಲಿ ಮಾತಾಯಿತು.

ಅವ್ವ ಹೋದರೆ ನೀರು, ಒಲೆ, ಮುದುಕಿ ಆಯಿ, ಎಲ್ಲವೂ ನನ್ನ ತಲೆಗೆ. ಪರೀಕ್ಷೆಯ ವರ್ಷದಲ್ಲಿ ಒಲೆ ಹಿಡಿದ ಹುಡುಗಿ ಮರಳಿ ಪುಸ್ತಕ ಹಿಡಿದದ್ದನ್ನು ನಮ್ಮ ಓಣಿಯಲ್ಲಿ ನಾನು ಕಂಡಿರಲಿಲ್ಲ. ಮೂರು ಮನೆಗಳ ಮೂರು ಹುಡುಗಿಯರು ಹಾಗೇ ಓದು ನಿಂತು, ಮದುವೆಯಾಗಿ ಹೋಗಿದ್ದರು. ನನಗೆ ಹೆದರಿಕೆಯಾಗಿತ್ತು. ಹೋಗಬೇಡ ಎಂದು ಅವ್ವನ ಹತ್ತಿರ ಅತ್ತುಬಿಟ್ಟೆ.

"ನನ್ನ ಕೈಯಾಗೂ ತಿಂಗಳಾ ಎರಡು ಸಾವಿರ ಬರೂದಿದ್ರ ನಾ ಯಾಕ ಹೋಗ್ತಿದ್ದೆ?" ಅಂದಳು ಅವ್ವ.

ಆಯಿಗೆ ಆ ದುಡ್ಡು ಆಗಲೇ ಬರತೊಡಗಿತ್ತು. ರೇಶನ್ ಕಾರ್ಡು ಆಯಿಯ ಹೆಸರಿನಲ್ಲಿತ್ತು. ಕಾರ್ಡಿನಲ್ಲಿ ಯಾರು ಯಜಮಾನಿಯೋ ಅವಳ ಖಾತೆಗೇ ದುಡ್ಡು. ಆಯಿ ಅದರಲ್ಲಿ ಕನ್ನಡಕ ಮಾಡಿಸಿಕೊಂಡಿದ್ದಳು, ಮೊಣಕಾಲಿನ ಔಷಧಿ ತರಿಸುತ್ತಿದ್ದಳು, ಮನೆಗೂ ಎಣ್ಣೆ ಬೆಲ್ಲ ತಂದು ಹಾಕುತ್ತಿದ್ದಳು. ಉಳಿದದ್ದರ ಬಗ್ಗೆ ಅವ್ವ ಕೇಳಲಿಲ್ಲ, ಆಯಿ ಹೇಳಲಿಲ್ಲ.

ದೀಪಾವಳಿ ಮುಗಿದ ವಾರ ಅವ್ವ, ಆಯಿ ಮತ್ತು ನಾನು ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆವು. ಅರ್ಜಿ ತುಂಬಿಕೊಡುವ ಮೆಹಬೂಬ ಭಾಯಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಒಂದು ಕಾರ್ಡಿಗಿ ಒಬ್ಬಾಕೀನ ಯಜಮಾನಿ, ಬಹೆನ್. ಕಾರ್ಡ್ ಬ್ಯಾರೆ ಇದ್ರ ನಿಮಗೂ ಬರ್ತದ. ಕಾರ್ಡ್ ಬ್ಯಾರೆ ಆಗಬೇಕಂದ್ರ ಒಲಿ ಬ್ಯಾರೆ ಇರಬೇಕು. ಸಾಹೇಬರು ಬಂದು ನೋಡಿ ಫೋಟೋ ಹೊಡ್ಕೊಂಡು ಹೋಗ್ತಾರ, ಅಷ್ಟ."

ಅವ್ವ ನಿಟ್ಟುಸಿರು ಬಿಟ್ಟು ಎದ್ದಳು. ಆಯಿ ಏಳಲಿಲ್ಲ. "ಹಂಗಾರ ಬ್ಯಾರೆ ಆಗೋಣ ತಗೋ ಜಗದೇವಿ," ಅಂದಳು. ಜಗದೇವಿ ನನ್ನ ಅವ್ವ. ಆಯಿ ಅಷ್ಟು ಬೇಗ ಒಪ್ಪಿದ್ದು ನನ್ನ ಮೇಲಿನ ಪ್ರೀತಿಯಿಂದ ಎಂದುಕೊಂಡು ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡೇ ನಡೆದೆ. ಸುಳ್ಳು ಅರ್ಜಿ ಎಂಬುದು ಮೂವರಿಗೂ ಗೊತ್ತಿತ್ತು. ಅದನ್ನು ಮುಚ್ಚಿಟ್ಟು ಈಗ ಒಳ್ಳೆಯವಳಾಗಬೇಕಾದ್ದೇನಿಲ್ಲ.

ನಮ್ಮ ಮನೆಯಲ್ಲಿ ಗ್ಯಾಸ್ ಇರಲಿಲ್ಲವೆಂದಲ್ಲ. ಸಿಲಿಂಡರು ಇತ್ತು, ಬೀಗರು ಬಂದಾಗ ಚಹಾ ಕಾಯಿಸಲು. ರೊಟ್ಟಿ, ಬೇಳೆ, ಪಲ್ಯ ಎಲ್ಲ ಅಂಗಳದ ಎಡಗಡೆ ತಗಡಿನ ಕೆಳಗಿನ ಒಲೆಯ ಮೇಲೆ. ಆಯಿ ಅಂಗಳದ ಬಲಗಡೆ, ಬಯಲಲ್ಲಿ, ಗೋಡೆಗೆ ಒತ್ತಿ ಹೊಸ ಒಲೆ ಹಾಕಿದಳು. ಮಣ್ಣು ತಾನೇ ಕಲಸಿದಳು. ನಾನು ಕೈ ಹಾಕಲು ಹೋದರೆ ಬೈದಳು. ಎರಡು ಒಲೆಗಳ ನಡುವೆ ಆರು ಹೆಜ್ಜೆ.

ಒಲೆ ಒಣಗಿದ ದಿನ ಆಯಿ ಒಂದು ಮುರುಕು ಹಂಚು ಹಿಡಿದುಕೊಂಡು ಬಂದು ಅವ್ವನ ಒಲೆಯ ಮುಂದೆ ಕುಕ್ಕರಿಸಿದಳು. "ಎರಡು ಕೆಂಡ ಹಾಕು."

"ಕಡ್ಡಿಪೆಟ್ಟಿಗಿ ಅದಲ್ರಿ ಅತ್ತಿ. ತೋರಿಸ್ಲಿಕ್ಕ ಹಚ್ಚೋ ಒಲಿಗಿ ಕೆಂಡ ಯಾಕ?"

"ನಮ್ಮ ಮನಿತನದಾಗ ಬ್ಯಾರೆ ಆಗೋರು ಹಳಿ ಒಲಿ ಕೆಂಡದಿಂದ ಹಚ್ಚಬೇಕು, ಕಡ್ಡಿ ಗೀರಬಾರದು. ಒಲಿ ಅಂದಮ್ಯಾಲ ಒಲಿ."

ಅವ್ವ ನಗುತ್ತಾ ಕೆಂಡ ಹಾಕಿದಳು. ಆಯಿ ನಗಲಿಲ್ಲ. ಕೆಂಡ ಒಯ್ದು, ಊದಿ, ಉರಿ ಎಬ್ಬಿಸಿ, ಸಣ್ಣ ಪಾತ್ರೆಯಲ್ಲಿ ಹಾಲು ಉಕ್ಕಿಸಿ ಕೈ ಮುಗಿದಳು. ನಾಟಕವನ್ನು ಶಾಸ್ತ್ರೋಕ್ತವಾಗಿ ಶುರು ಮಾಡಿದ್ದೇ ನಾವು ಮಾಡಿದ ತಪ್ಪು ಎಂದು ಅವ್ವ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ.

ಸಾಹೇಬ ಯಾವ ದಿನ ಬರುತ್ತಾನೋ ತಿಳಿಯದು. ಹಾಗಾಗಿ ಆಯಿಯ ಒಲೆ ದಿನಾ ಉರಿಯಬೇಕು, ಮಸಿ ಹಿಡಿಯಬೇಕು, ಬೂದಿ ಬೀಳಬೇಕು. ಮೊದಲ ಎರಡು ದಿನ ಆಯಿ ಬರೀ ಚಹಾ ಮಾಡಿದಳು. ಬೆಲ್ಲ ಹಾಕಿ, ಶುಂಠಿ ಜಜ್ಜಿ, ಮನಸ್ಸಾದಾಗಲೆಲ್ಲ. ಆಮೇಲೆ ಜೋಳದ ನುಚ್ಚು. ಆಮೇಲೆ ಪುಂಡಿಪಲ್ಯ. ಹತ್ತನೇ ದಿನಕ್ಕೆ ರೊಟ್ಟಿಯೂ ಬಂತು. ಆಯಿಗೆ ಇನ್ನು ರೊಟ್ಟಿ ಬಡಿಯಲು ಕೈ ಬರುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಅವ್ವನ ರೊಟ್ಟಿ ತೆಳ್ಳಗೆ, ಗರಿಗರಿ, ಹೊಲಕ್ಕೆ ಕಟ್ಟಿಕೊಂಡು ಹೋಗಲು ತಕ್ಕದ್ದು. ಅಪ್ಪನಿಗೆ ಖಾರ ಬೇಕು, ಆದ್ದರಿಂದ ಮನೆಗೆಲ್ಲ ಖಾರ. ಆಯಿಗೆ ಉಳಿದಿರುವುದು ನಾಲ್ಕೈದು ಹಲ್ಲು. ಅವಳು ಎಷ್ಟೋ ವರ್ಷಗಳಿಂದ ಅದೇ ರೊಟ್ಟಿಯನ್ನು ಬೇಳೆಯಲ್ಲಿ ನೆನೆಹಾಕಿ ಸದ್ದಿಲ್ಲದೆ ನುಂಗುತ್ತಿದ್ದಳು. ತನ್ನ ಒಲೆಯ ಮೇಲೆ ಅವಳು ಮಾಡಿಕೊಂಡದ್ದು ದಪ್ಪ, ಮೆತ್ತನೆಯ, ಅಂಗೈ ಅಗಲದ ರೊಟ್ಟಿ. ನಾನು ಪುಸ್ತಕ ಹಿಡಿದುಕೊಂಡು ಅವಳ ಪಕ್ಕ ಕುಳಿತು ಒಂದು ತುಂಡಿಗಾಗಿ ಕಾಯುತ್ತಿದ್ದೆ. ಅಷ್ಟು ರುಚಿಯ ರೊಟ್ಟಿಯನ್ನು ನಾನು ಮತ್ತೆಲ್ಲೂ ತಿಂದಿಲ್ಲ.

ಇದಕ್ಕೆಲ್ಲ ಬೆಲೆ ಕೊಟ್ಟವಳು ಅವ್ವ. ಓಣಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಜಗದೇವಿ ಮುದುಕಿಯನ್ನು ಬೇರೆ ಹಾಕಿದಳಂತೆ ಎಂದಾಯಿತು. ಎದುರು ಮನೆಯ ಭೀಮಬಾಯಿ ನಳದ ಹತ್ತಿರ ಎಲ್ಲರ ಮುಂದೆ ಕೇಳಿದಳು: "ಮುದುಕಿನ್ನ ಈ ವಯಸ್ಸಿನ್ಯಾಗ ಒಲಿ ಮುಂದ ಕೂಡಿಸಿದೆಲ್ಲವಾ, ನಿನಗ ವಯಸ್ಸಾಗಂಗಿಲ್ಲೇನು?" ನಿಜ ಹೇಳಿದರೆ ಯಾರ ಬಾಯಿಂದ ಸಾಹೇಬನ ಕಿವಿಗೆ ಬೀಳುತ್ತದೋ. ಅವ್ವ ಕೊಡ ಎತ್ತಿಕೊಂಡು ಸುಮ್ಮನೆ ಬಂದಳು. ಆಯಿಯಾದರೂ ಸುಮ್ಮನಿರಬೇಕೋ ಬೇಡವೋ. ಯಾರಾದರೂ ಅಯ್ಯೋ ಅಂದರೆ ಮುಖ ಸಣ್ಣದು ಮಾಡಿಕೊಂಡು, "ನನ್ನ ಹಣಿಬರಾ ಯವ್ವಾ" ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅವರು ಹೋದ ಮೇಲೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು. ಅವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ತಿಂಗಳು ಹೀಗೆ ಕಳೆದವು, ಎಳ್ಳ ಅಮಾವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ, ಭೂಮಿಗೆ ಎಡೆ ಮಾಡಿ, ಎಡೆಯನ್ನು ಹೊಲದ ಸುತ್ತ ಎರಚಿ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತದೆ. ಎಡೆಗೆ ಸಜ್ಜೆ ರೊಟ್ಟಿ ಮತ್ತು ಭಜ್ಜಿ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಅವರೆ, ಹಸಿ ತೊಗರಿ, ಕಡಲೆ ಸೊಪ್ಪು, ಮೆಂತ್ಯ, ಬದನೆ, ಗಜ್ಜರಿ, ಆ ಕಾಲದಲ್ಲಿ ಹೊಲ ಕೊಟ್ಟದ್ದೆಲ್ಲ ಒಂದೇ ಗಡಿಗೆಯಲ್ಲಿ ಬೆಂದದ್ದು. ಹಬ್ಬದ ಹಿಂದಿನ ದಿನ ಸೊಪ್ಪು ಸೋಸುತ್ತಾ ಅವ್ವ ಕೇಳಿದಳು. "ಇವತ್ತೂ ಎರಡು ಒಲಿ ಏನ್ರಿ ಅತ್ತಿ?"

"ಭಜ್ಜಿ ಎರಡು ಗಡಿಗ್ಯಾಗ ಆಗ್ತದೇನು? ಸರಕಾರಕ್ಕ ಸುಳ್ಳ ಹೇಳೀವಿ, ಭೂಮ್ತಾಯಿಗಿ ಹೇಳೂದು ಬ್ಯಾಡ," ಅಂದಳು ಆಯಿ.

ಅವಳು ತನ್ನ ಒಲೆಯ ಬೂದಿ ತೆಗೆದು, ಸೆಗಣಿಯಿಂದ ಸಾರಿಸಿ, ರಂಗೋಲಿ ಎಳೆದು ರಜೆ ಕೊಟ್ಟಳು. ಇಬ್ಬರೂ ಎಡಗಡೆಯ ಒಲೆಯ ಮುಂದೆ ಕುಳಿತರು. ಒಬ್ಬಳು ರೊಟ್ಟಿ ಬಡಿಯುವಳು, ಒಬ್ಬಳು ಗಡಿಗೆ ತಿರುವುವಳು. ಎರಡು ತಿಂಗಳಲ್ಲಿ ಅಷ್ಟು ಚಂದದ ಹೊತ್ತು ನಮ್ಮ ಅಂಗಳದಲ್ಲಿ ಬಂದಿರಲಿಲ್ಲ. ಆಗಲೇ ಬೈಕ್ ಬಂದು ನಿಂತಿತು.

ಹೆಗಲಿಗೆ ಬ್ಯಾಗು ಹಾಕಿದ ಸಣ್ಣ ವಯಸ್ಸಿನ ಸಾಹೇಬ. ಅರ್ಜಿ ನೋಡಿದ, ಅಂಗಳ ನೋಡಿದ, ರಂಗೋಲಿ ಹಾಕಿಸಿಕೊಂಡ ತಣ್ಣಗಿನ ಒಲೆ ನೋಡಿದ. "ಎರಡು ಮನಿ ಅಂತ ಬರ್ದೀರಿ. ನನಗ ಕಾಣೂದು ಒಂದ ಒಲಿ, ಒಂದ ಗಡಗಿ. ನಾ ಏನಂತ ಬರೀಲಿ ರೀ?"

ಅವ್ವನ ಕೈಯಲ್ಲಿದ್ದ ಸೌಟು ಗಡಿಗೆಯಲ್ಲೇ ನಿಂತಿತು. ನಾನು ಬಾಗಿಲಲ್ಲಿ ರಸಾಯನಶಾಸ್ತ್ರದ ಪುಸ್ತಕ ಎದೆಗೊತ್ತಿಕೊಂಡು ನಿಂತಿದ್ದೆ. ಮುಗಿಯಿತು, ಅವ್ವ ಹೈದರಾಬಾದಿಗೆ, ನಾನು ಒಲೆಗೆ ಎಂದುಕೊಂಡೆ.

ಆಯಿ ಮೊಣಕಾಲು ಹಿಡಿದುಕೊಂಡು ಎದ್ದಳು. "ಬಾ ತಮ್ಮಾ, ತೋರಸ್ತೀನಿ."

ಪಡಸಾಲೆಯ ಮೂಲೆಯಲ್ಲಿ ಅವಳ ಹಾಸಿಗೆಯ ಹಿಂದೆ ಒಂದು ಹಲಗೆ. ಅದಕ್ಕೊಂದು ಹಳೆಯ ಸೀರೆ ಅಡ್ಡ. ಅದನ್ನು ಸರಿಸಿದಳು. "ಇದು ನನ್ನ ಉಪ್ಪು. ಇದು ನನ್ನ ಖಾರ. ಇದರಾಗ ನನ್ನ ಜ್ವಾಳದ ಹಿಟ್ಟು. ಇದು ಚಹಾಪುಡಿ, ಬೆಲ್ಲ. ಮುಟ್ಟಿ ನೋಡು." ಎಲ್ಲ ಡಬ್ಬಿಗಳೂ ತುಂಬಿದ್ದವು, ಎಲ್ಲವೂ ಹೊಸವು. ಅವು ಅಲ್ಲಿ ಯಾವಾಗ ಬಂದವೋ ನನಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ.

"ನಾ ಈ ಮನಿಗಿ ಬಂದು ಐವತ್ತು ವರ್ಷ ಆತಪ್ಪ," ಅಂದಳು ಆಯಿ. "ನಮ್ಮತ್ತಿ ಇರೂತನಕ ಆಕಿ ಹೇಳಿದ್ದು ಮಾಡಿ, ಆಕಿ ಕೊಟ್ಟದ್ದು ತಿಂದೆ. ಆಕಿ ಹೋದ ವರ್ಷಾನ ಸೊಸಿ ಬಂದಳು, ಆಕಿ ಮಾಡಿದ್ದು ತಿಂದೆ. ನಿಂಗ ಏನ ಬೇಕು ಅಂತ ಒಬ್ಬರೂ ಕೇಳಲಿಲ್ಲ. ಈಗ ನಂಗ ಬೇಕಾದ್ದು ನಾ ಮಾಡ್ಕೋತೀನಿ. ನನ್ನ ಒಲಿ ಬ್ಯಾರೆ. ಬರ್ಕೋ."

"ಮತ್ತ ಇವತ್ತ ಯಾಕ ಕೂಡಿ ಮಾಡಾಕತ್ತೀರಿ ಆಯಿ?"

"ಬ್ಯಾರೆ ಆದ ಅಣ್ಣತಮ್ಮರೂ ಎಳ್ಳಮಾಸಿಗಿ ಕೂಡತಾರ. ನಿಮ್ಮೂರಾಗ ಕೂಡಂಗಿಲ್ಲೇನು?"

ಸಾಹೇಬ ನಕ್ಕ. ನಮ್ಮೂರಾಗೂ ಹಂಗೇ ರೀ ಎಂದು ಒಲೆಯ ಒಂದು, ಡಬ್ಬಿಗಳ ಒಂದು 	ಫೋಟೋ ಹೊಡೆದುಕೊಂಡು, ಆಯಿ ಕೊಟ್ಟ ಬಿಸಿ ಸಜ್ಜೆ ರೊಟ್ಟಿ ಕಾಗದದಲ್ಲಿ ಸುತ್ತಿಕೊಂಡು ಹೋದ. ನಾನು ಆಯಿಯನ್ನು ಅಪ್ಪಿಕೊಂಡು, ಎಂಥಾ ನಾಟಕ ಆಡಿದಿ ಆಯಿ ಎಂದು ಕುಣಿದೆ. ಆಯಿ ನನ್ನ ಕೈ ಬಿಡಿಸಿಕೊಂಡು ಹಲಗೆಗೆ ಮತ್ತೆ ಸೀರೆ ಎಳೆದಳು. ಅಂಗಳದಲ್ಲಿ ಅವ್ವ ಗಡಿಗೆ ತಿರುವುತ್ತಲೇ ಇದ್ದಳು. ಕಣ್ಣು ಒರೆಸಿಕೊಂಡು, ಹೊಗಿ ಭಾಳ ಅದ ಅಂದಳು. ಅದು ಹೊಗೆಯಲ್ಲ ಎಂದು ತಿಳಿಯಲು ನನಗೆ ಒಂದು ದಿನ ಬೇಕಾಯಿತು.

ಮರುದಿನ ಹೊಲದಲ್ಲಿ ಎಡೆಯಾಯಿತು, ಚರಗವಾಯಿತು, ಊಟವೂ ಆಯಿತು. ಖಾಲಿ ಬುಟ್ಟಿ ಹೊತ್ತುಕೊಂಡು ಮನೆಯ ದಾರಿ ಹಿಡಿದಾಗ ಅವ್ವ ಕೇಳಿಯೇಬಿಟ್ಟಳು. "ಅತ್ತಿ, ಸಾಹೇಬನ ಮುಂದ ಅಂದದ್ದು ಖರೇನ್ರಿ?"

"ಹೂಂ, ಖರೆ."

"ಹದಿನೆಂಟು ವರ್ಷ ನನ್ನ ಕೈ ಅಡಗಿ ನೀವು ಕಷ್ಟಪಟ್ಟು ತಿಂದಂಗ ಆತಲ್ರಿ."

"ನಿನ್ನ ಅಡಗಿ ಕೆಟ್ಟದು ಅಂದೆನೇನು? ಕೇಳಲಿಲ್ಲ ಅಂದೆ ಅಷ್ಟ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆಯಿಗೆ ಎರಡು ಕಾಲದಲ್ಲೂ ಪಾಲು ಸಿಕ್ಕಿರಲಿಲ್ಲ. ಆದರೆ ಅಂದು ನನಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಅವ್ವ ಓಣಿಯವರ ಬಾಯಿಗೆ ಬಿದ್ದದ್ದು ಈ ಮುದುಕಿಗಾಗಿಯೇ ಎಂದು ಸಿಟ್ಟು ಬಂದು, ಆಯಿಯ ರೊಟ್ಟಿ ಮುಟ್ಟದೆ ಎಂಟು ದಿನ ಮುಖ ಬಿಗಿದುಕೊಂಡಿದ್ದೆ. ಒಂಬತ್ತನೇ ದಿನ ಹೋಗಿ ಕುಳಿತೆ.

ಸಂಕ್ರಮಣ ಮುಗಿದು ತೊಗರಿ ರಾಶಿಯಾಗುವ ಹೊತ್ತಿಗೆ ಅವ್ವನ ಹೆಸರಿನ ಕಾರ್ಡು ಬಂತು. ದುಡ್ಡು ಬರಲು ಇನ್ನೂ ಎರಡು ಮೂರು ತಿಂಗಳು ಹಿಡಿಯುತ್ತದೆ ಎಂದ ಮೆಹಬೂಬ ಭಾಯಿ. ಮುಕಾದಮನ ಟೆಂಪೊ ಮಾತ್ರ ಮರುದಿನವೇ ಓಣಿಯ ಬಾಯಲ್ಲಿ ನಿಂತಿತು. ಅಪ್ಪ ಚೀಲ ಕಟ್ಟಿದ್ದ. ಅವ್ವನ ಚೀಲದಲ್ಲಿ ಎರಡು ಸೀರೆ ಬಿದ್ದಿದ್ದವು, ಬಾಯಿ ಕಟ್ಟಿರಲಿಲ್ಲ. ಅವಳು ಒಮ್ಮೆ ಚೀಲ ನೋಡುವಳು, ಒಮ್ಮೆ ನನ್ನನ್ನು ನೋಡುವಳು.

"ಕಾರ್ಡ್ ತಿಂದ್ರ ಹೊಟ್ಟಿ ತುಂಬತದೇನು ತಂಗಿ? ಜೋಡಿ ಬರ್ರಿ, ಹೊತ್ತಾಗ್ಲಿಕತ್ತದ," ಅಂದ ಮುಕಾದಮ.

ಆಯಿ ತನ್ನ ಒಲೆಯ ಮುಂದೆ ಕುಳಿತು ಕಟ್ಟಿಗೆ ಮುರಿಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು. "ಆಕಿ ದುಡ್ಡು ಬರೂತನಕ ನಂದು ಅದ. ಎರಡೂ ಒಲಿ ಉರೀತಾವ. ಆಕಿ ಬರಂಗಿಲ್ಲ, ನಿಮ್ಮ ಗಾಡಿ ನಡೀಲಿ."

ಅಪ್ಪ ಒಬ್ಬನೇ ಹೋದ, ಕಡಿಮೆ ಕೂಲಿಗೆ. ಅದೂ ಒಂದು ನೋವೇ. ಎರಡು ಸಾವಿರ ರೂಪಾಯಿ ಎಲ್ಲವನ್ನೂ ಸರಿ ಮಾಡಿತು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಟೆಂಪೊ ಹೋದ ಮೇಲೆ ಅವ್ವ ಚೀಲದಿಂದ ಆ ಎರಡು ಸೀರೆ ತೆಗೆದು ಮತ್ತೆ ಹಗ್ಗಕ್ಕೆ ಹಾಕಿದಳಲ್ಲ, ಅದನ್ನು ನೋಡಿದಷ್ಟು ಸಂತೋಷ ನನಗೆ ಆಮೇಲೆ ಬಂದ ಫಲಿತಾಂಶದಲ್ಲೂ ಆಗಲಿಲ್ಲ. ಆ ಮೂರು ತಿಂಗಳು ಅವ್ವ ಬೆಳಿಗ್ಗೆ ಬಾಳೆ ತೋಟದ ಕೂಲಿಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಿದ್ದಳು. ಖರ್ಚಿಗೆ ಆಯಿಯ ದುಡ್ಡು. ನಾನು ಓದಿದೆ, ಪರೀಕ್ಷೆ ಬರೆದೆ, ಫಸ್ಟ್ ಕ್ಲಾಸಿನಲ್ಲಿ ಪಾಸಾದೆ.

ಅವ್ವನ ದುಡ್ಡು ಉಗಾದಿ ಕಳೆದು ಬಂತು. ಇನ್ನು ನಾಟಕ ಸಾಕು, ಬಲಗಡೆಯ ಒಲೆ ಕಿತ್ತು ಮೊದಲಿನಂತೆ ಇರಬಹುದು ಎಂದು ನಾನು ಎಣಿಸಿದ್ದೆ. ಅವ್ವ ಸಂತೆಯ ದಿನ ಹೋಗಿ ಎರಡು ತಗಡು ಹೊರಿಸಿಕೊಂಡು ಬಂದಳು. ಕಂಬ ನೆಟ್ಟು, ತಂತಿ ಬಿಗಿದು, ಆಯಿಯ ಒಲೆಯ ಮೇಲೆ ತಾನೇ ಹೊದಿಸಿದಳು. "ಮಳಿಗಾಲದಾಗ ಬಯಲಿನ್ಯಾಗ ಹ್ಯಾಂಗ ಮಾಡ್ಕೋತೀರಿ?" ಅಂದಳು. ಆಯಿ ಕನ್ನಡಕ ಸರಿಮಾಡಿಕೊಂಡು ತಗಡು ನೋಡಿದಳು, ಕಂಬ ಅಲ್ಲಾಡಿಸಿ ನೋಡಿದಳು. ಆಮೇಲೆ ಅಂದಳು: "ಜಗದೇವಿ, ನಾಳಿ ಮಧ್ಯಾಹ್ನ ನಮ್ಮ ಮನಿಗಿ ಊಟಕ್ಕ ಬಾ."

ಅವ್ವ ಮೊದಲು ಚೇಷ್ಟೆ ಎಂದುಕೊಂಡಳು. ಮರುದಿನ ತೋಟದಿಂದ ಬಂದಾಗ ಆಯಿ ಮಣೆ ಹಾಕಿ ಕಾಯುತ್ತಿದ್ದಳು. ಅವ್ವ ಒಳಗೆ ಹೋಗಿ, ಕೈಕಾಲು ತೊಳೆದು, ತಲೆ ಬಾಚಿಕೊಂಡು, ಟ್ರಂಕಿನಲ್ಲಿದ್ದ ಹಸಿರು ಸೀರೆ ಉಟ್ಟಳು. ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ತೋಟದಿಂದ ತಂದ ನಾಲ್ಕು ಕೆಂಪು ಬಾಳೆಹಣ್ಣು ಹಿಡಿದುಕೊಂಡಳು. ಆರು ಹೆಜ್ಜೆ ನಡೆದು ಹೋಗಿ ಮಣೆಯ ಮೇಲೆ ಕುಳಿತಳು. ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ.

ಆಯಿ ಹಿಟ್ಟಿಗೆ ಕೈ ಹಾಕುತ್ತಿದ್ದಂತೆ ಅವ್ವ ಅರ್ಧ ಎದ್ದಳು. "ಬಿಡ್ರಿ ಅತ್ತಿ, ರೊಟ್ಟಿ ನಾ ಬಡೀತೀನಿ."

"ಊಟಕ್ಕ ಬಂದವರು ಕೆಲಸ ಮಾಡಬಾರದು. ಸುಮ್ನ ಕೂಡು." ಮೊದಲ ರೊಟ್ಟಿ ಉಬ್ಬಿ ತಾಟಿಗೆ ಬಿತ್ತು. ಆಯಿ ಪಲ್ಯದ ಸೌಟು ಹಿಡಿದು ಕೇಳಿದಳು. "ಇನ್ನೂ ಒಗ್ಗರಣಿ ಹಾಕಿಲ್ಲ. ನಿಂಗ ಖಾರ ಹ್ಯಾಂಗ ಬೇಕು?"

ಅವ್ವ ತಾಟಿನಲ್ಲಿದ್ದ ರೊಟ್ಟಿಯನ್ನು ನೋಡುತ್ತಾ, ಅದರ ಅಂಚನ್ನು ಬೆರಳಿನಿಂದ ಮುಟ್ಟಿದಳು.

"ನಂಗ ಕಮ್ಮಿ ಖಾರ ಬೇಕ್ರಿ ಅತ್ತಿ," ಅಂದಳು. "ಮೊದ್ಲಿಂದನೂ."

ಹದಿನೇಳು ವರ್ಷ ಅವಳ ಕೈಯ ಖಾರದ ಅಡುಗೆ ಉಂಡು ಬೆಳೆದವಳು ನಾನು. ನನಗೆ ಅದು ಗೊತ್ತಿರಲಿಲ್ಲ.